ಗರುಡನ ಗರಿ, ಮರಜರಿಯ ಎಲೆ: ಪಕ್ಕಪಕ್ಕ ಇಟ್ಟು ಬಿಡಿಸಿದಾಗ

ಹಕ್ಕಿ, ಗಿಡಗಳ ಚಿತ್ರ ಬಿಡಿಸುವುದು ನನ್ನ ಕೆಲಸ. ಅದರಲ್ಲೂ ಒಂದೇ ಹಾಳೆಯಲ್ಲಿ ಗರುಡನ ರೆಕ್ಕೆಗರಿ, ಪಕ್ಕದಲ್ಲೇ ಮರಜರಿಯ ಎಲೆ ಬಿಡಿಸುವುದೆಂದರೆ ನನಗೆ ತುಂಬಾ ಇಷ್ಟ. ಗರುಡ ಅಂದರೆ ಮಲ್ಪೆ ಬಂದರಿನ ಮೇಲೆ ಸುತ್ತುವ, ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈಯ ಹಕ್ಕಿ. ಮರಜರಿ ಅಂದರೆ ಮರದಂತೆ ಬೆಳೆಯುವ ಜರಿಗಿಡ (ಫರ್ನ್); ಅದು ಘಟ್ಟದ ಮೇಲೆ, ಆಗುಂಬೆ ಕಡೆಯ ತೊರೆಗಳ ಬದಿಯಲ್ಲಿ ಸಿಗುತ್ತದೆ. ಎರಡಕ್ಕೂ ನಡುವೆ ಒಂದು ದಂಟು, ದಂಟಿನ ಎರಡೂ ಕಡೆ ಸಾಲಾಗಿ ಎಳೆಗಳು, ಆ ಎಳೆಗಳಿಗೆ ಮತ್ತೆ ಸಣ್ಣ ಎಳೆಗಳು. ನೋಡೋಕೆ ಒಂದೇ ಥರ ಅಲ್ವಾ?

ಬೆಳೆಯುವ ರೀತಿ ಮಾತ್ರ ಪೂರ್ತಿ ಉಲ್ಟಾ. ಗರಿ ಬುಡದಲ್ಲಿ ಬೆಳೆಯುತ್ತದೆ. ಚರ್ಮದಿಂದ ಮೊದಲು ಹೊರಬರುವುದು ತುದಿ, ಹಾಗಾಗಿ ಅದೇ ಹಳೆಯದು, ಜಾಸ್ತಿ ಸವೆದಿರುವುದೂ ಅದೇ. ಜರಿಯ ಎಲೆ ಸುರುಳಿ ಬಿಚ್ಚುತ್ತಾ ತುದಿಯಲ್ಲಿ ಬೆಳೆಯುತ್ತದೆ. ಬುಡ ಬಲಿತಿರುತ್ತದೆ, ತುದಿ ಇನ್ನೂ ಎಳಸು. ಇದು ಗೊತ್ತಾದ ಮೇಲೆ ನಾನು ಪೆನ್ಸಿಲ್ ಓಡಿಸುವ ರೀತಿಯೇ ಬದಲಾಯಿತು. ಗರಿಯ ತುದಿಯ ಅಂಚನ್ನು ಸ್ವಲ್ಪ ಹರಿದಂತೆ ಬಿಡಿಸುತ್ತೇನೆ. ಜರಿಯಲ್ಲಿ ಬುಡದ ಗೆರೆಗಳನ್ನು ಒತ್ತಿ, ತುದಿಯದ್ದನ್ನು ತೆಳುವಾಗಿ ಎಳೆಯುತ್ತೇನೆ.

ಭೂತಗನ್ನಡಿ ಹಿಡಿದರೆ ಇನ್ನೂ ಚೆಂದ. ಗರಿಯ ಸಣ್ಣ ಎಳೆಗಳಲ್ಲಿ ಕೊಕ್ಕೆಗಳಿವೆ. ಎಳೆ ಬಿಟ್ಟುಹೋದರೂ ಹಕ್ಕಿ ಕೊಕ್ಕಿನಿಂದ ತೀಡಿದರೆ ಜಿಪ್ ಎಳೆದಂತೆ ಮತ್ತೆ ಕೂಡಿಕೊಳ್ಳುತ್ತದೆ. ಜರಿಯ ಎಲೆ ಒಮ್ಮೆ ಹರಿದರೆ ಹರಿದ ಹಾಗೇ. ಆದರೆ ಅದನ್ನು ಮಗುಚಿ ನೋಡಬೇಕು: ಹಿಂಬದಿಯಲ್ಲಿ ಬೀಜಕಗಳ (ಹೊಸ ಜರಿ ಹುಟ್ಟಿಸುವ ಪುಡಿಯಂಥ ಕಣಗಳ) ಕಂದು ಚುಕ್ಕಿ, ಒಂದೊಂದು ಸಾಲೂ ಅಚ್ಚುಕಟ್ಟು. ಅವನ್ನು ಬಿಡಿಸುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಜರಿಯಲ್ಲಿ ದಂಟಿನ ಎರಡೂ ಕಡೆ ಹೆಚ್ಚುಕಡಿಮೆ ಸಮ. ರೆಕ್ಕೆಯ ಹೊರಗರಿಯಲ್ಲಿ ಗಾಳಿಗೆ ಎದುರಾಗುವ ಬದಿ ಕಿರಿದು, ಹಿಂಬದಿ ಅಗಲ. ಎರಡನ್ನೂ ಸಮ ಮಾಡಿದರೆ ಗರಿ ಸುಮ್ನೆ ಎಲೆಯಂತೆ ಕಾಣುತ್ತದೆ. ಗರುಡನ ರೆಕ್ಕೆಯ ತುದಿ ಕಪ್ಪು. ಆ ಕಪ್ಪು ಬಣ್ಣವೇ ಗರಿಯನ್ನು ಗಟ್ಟಿ ಮಾಡುತ್ತದೆ, ಸವೆತ ತಡೆಯುತ್ತದೆ. ಅದಕ್ಕೇ ಅಲ್ಲಿ ಬಣ್ಣ ದಟ್ಟವಾಗಿರಲೇಬೇಕು.

ಗರಿ ಸಿಕ್ಕರೂ ಮನೆಗೆ ತರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬಿಡುವುದಿಲ್ಲ, ನನಗೂ ಅದು ಸರಿಯೆನಿಸುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ತೆಗೆದು ಅಲ್ಲೇ ಬಿಟ್ಟು ಬರುತ್ತೇನೆ. ಜರಿಯನ್ನೂ ಕೀಳುವುದಿಲ್ಲ, ಗಿಡದ ಬಳಿ ಕೂತೇ ಬಿಡಿಸುವುದು. ಆಗುಂಬೆಯ ಮಳೆಗೆ ಹಾಳೆ ಬೇಗ ಹಸಿಯಾಗುತ್ತದೆ. ಹಾಗಾಗಿ ಅಲ್ಲಿ ಪೆನ್ಸಿಲ್ ಕೆಲಸ ಮಾತ್ರ, ಬಣ್ಣವೆಲ್ಲ ಮನೆಗೆ ಬಂದ ಮೇಲೆ.