ಬರೆಗೆ ಗೋಡೆ ಕಟ್ಟಲಿಲ್ಲ, ನೀರು ಇಳಿಸಿದೆ

ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಮೈ, ಹದಿನಾಲ್ಕು ಅಡಿ ಎತ್ತರ. ಬರೆಯ ಬುಡಕ್ಕೂ ಅಡುಗೆಮನೆ ಗೋಡೆಗೂ ನಡುವೆ ಒಂಬತ್ತೇ ಅಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಆದ ಭೂಕುಸಿತವನ್ನು ಕಂಡ ಮೇಲೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಕಾಂಕ್ರೀಟ್ ತಡೆಗೋಡೆ ಕಟ್ಟಿಸಿ. ಸಿಕ್ಕ ಅಂದಾಜು ಆರೂವರೆ ಲಕ್ಷ. ಗೋಡೆ ಕಟ್ಟಲಿಲ್ಲ. ಪೈಪು ಚುಚ್ಚಿ ಬರೆಯೊಳಗಿನ ನೀರನ್ನು ಇಳಿಸಿದೆ. ಕೆಡಿಸಿಕೊಂಡ ಕೆಲಸವೂ ಸೇರಿ ಒಂದು ಲಕ್ಷ ಎಂಬತ್ತು ಸಾವಿರದ ಆಸುಪಾಸು ಹೋಯಿತು. 2024ರ ಜುಲೈ ಮಳೆಯಲ್ಲೂ ಬರೆ ಅಲುಗಲಿಲ್ಲ. ‘ಪೈಪು ಚುಚ್ಚಿದರೆ ಗುಡ್ಡ ನಿಲ್ಲುತ್ತದಾ’ ಎಂದವರಲ್ಲಿ ಇಬ್ಬರು ಈಗ ಬಂದು ಅಳತೆ ಬರೆದುಕೊಂಡು ಹೋಗಿದ್ದಾರೆ.

ಒಂದು ಮಾತು ಮೊದಲೇ ಹೇಳಬೇಕು. ಇದು ಮನೆ ಕಟ್ಟಲು, ಕಣ ಮಾಡಲು ನಾವೇ ಕಡಿದ ಬರೆಗೆ ಮಾತ್ರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದಂತೆ ಬೆಟ್ಟವೇ ಇಳಿದು ಬಂದರೆ ಯಾವ ಪೈಪೂ, ಯಾವ ಗೋಡೆಯೂ ತಡೆಯುವುದಿಲ್ಲ. ಅದಕ್ಕೆ ಇರುವುದು ಹೊರಡುವ ದಾರಿಯೊಂದೇ. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕಡೆ ಮೇಲೆ ಆರೇಳು ಅಡಿ ಕೆಂಪು ಮಣ್ಣು, ಅದರ ಕೆಳಗೆ ಶೇಡಿ. ಒಣಗಿದಾಗ ಉಗುರಿಗೂ ಜಗ್ಗದ ಆ ಬಿಳಿ-ಗುಲಾಬಿ ಮಣ್ಣು ನೀರು ಕುಡಿದರೆ ಹಿಡಿಯೊಳಗೆ ದೋಸೆ ಹಿಟ್ಟಾಗುತ್ತದೆ. ಮೇಲಿನ ಮಣ್ಣು ಅದರ ಮೇಲೆಯೇ ಜಾರುವುದು. ಗೋಡೆ ಕಟ್ಟಿ ನೀರಿಗೆ ದಾರಿ ಬಿಡದಿದ್ದರೆ ಗೋಡೆಯ ಬೆನ್ನಿಗೇ ನೀರು ನಿಲ್ಲುತ್ತದೆ, ಮೂರನೇ ಮಳೆಗಾಲಕ್ಕೆ ಹೊಟ್ಟೆ ಬರುತ್ತದೆ. ಹಾಗಾದ ಗೋಡೆಗಳು ನಮ್ಮ ರಸ್ತೆಯಲ್ಲೇ ನಾಲ್ಕಿವೆ.

ಬೇರೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಳಗಿನ ನೀರಿನ ಮಟ್ಟ ಅಳೆಯುವ, ನಾನೂರು ರೂಪಾಯಿಯ ಕೆಲಸ. ಬರೆಯ ಅಂಚಿನಿಂದ ಎಂಟಡಿ ಹಿಂದೆ ಹನ್ನೆರಡು ಅಡಿ ಆಳಕ್ಕೆ ಒಂದು ತೂತು ಕೊರೆದು, ಕೆಳಗಿನ ನಾಲ್ಕಡಿಗೆ ಮಾತ್ರ ರಂಧ್ರವಿರುವ ಒಂದಿಂಚಿನ ಪಿವಿಸಿ ಪೈಪು ಇಳಿಸುವುದು. ಸುತ್ತ ಸಣ್ಣ ಜಲ್ಲಿ, ಮೇಲಿನ ಎರಡಡಿಗೆ ಸಿಮೆಂಟು ಬೆರೆಸಿದ ಜೇಡಿಮಣ್ಣಿನ ಗಟ್ಟಿ ಬಿರಡೆ. ಮೊದಲ ಸಲ ಬಿರಡೆ ಹಾಕಿರಲಿಲ್ಲ. ಮೇಲೆ ಹರಿದ ನೀರೆಲ್ಲ ಪೈಪಿನ ಪಕ್ಕದಿಂದಲೇ ಒಳಗಿಳಿದು ಅಳತೆ ಸುಳ್ಳಾಯಿತು. ಥರ್ಮೋಕೋಲ್ ತೇಲು ಬಿಟ್ಟು ನೋಡಿದೆ, ಸಿಕ್ಕಿಹಾಕಿಕೊಂಡಿತು. ಈಗ ನೂಲಿಗೆ ಒಂದು ನಟ್ಟು ಕಟ್ಟಿ ಇಳಿಸುತ್ತೇನೆ. ನೀರಿಗೆ ತಾಗಿದ ‘ಟಪ್’ ಸದ್ದು ಕೇಳಿದಲ್ಲಿ ನೂಲಿಗೆ ಗಂಟು, ಆಮೇಲೆ ಟೇಪು. ಏನೂ ಮಾಡುವ ಮೊದಲು ಆಶ್ಲೇಷ ಮಳೆಯಲ್ಲಿ ನೀರು ನೆಲಮಟ್ಟದಿಂದ ನಾಲ್ಕೇ ಅಡಿ ಕೆಳಗಿನವರೆಗೆ ಏರಿ ಬಂದಿತ್ತು. ಕೆಲಸ ಮುಗಿದ ಮೇಲೆ, ಅಷ್ಟೇ ಮಳೆಗೆ, ಏಳೂವರೆ ಅಡಿ ಆಳದಿಂದ ಮೇಲಕ್ಕೆ ಏರಿಲ್ಲ. ನಂಬದವರಿಗೆ ನಾನು ತೋರಿಸುವುದು ಈ ನೂಲನ್ನು.

ಬರೆಯನ್ನು ಮೆಟ್ಟಿಲಾಗಿ ಕಡಿಯುವುದು ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮುಂಚೆ. ಮೂರು ಮೆಟ್ಟಿಲು, ಒಂದೊಂದು ನಾಲ್ಕೂವರೆ ಅಡಿ ಎತ್ತರ, ಮೂರಡಿ ಅಗಲ. ಮೇಲಿನಿಂದಲೇ ಶುರು ಮಾಡಬೇಕು, ಬುಡ ಮುಟ್ಟಕೂಡದು. ಮಣ್ಣು ಕಡಿಯುವ ಹಿಟಾಚಿ ಯಂತ್ರದವರು ಅಭ್ಯಾಸಬಲದಿಂದ ಮೆಟ್ಟಿಲನ್ನು ಒಳಗಡೆಗೆ ವಾಲಿಸಿ ಬಿಡುತ್ತಾರೆ. ನಮ್ಮಲ್ಲೂ ಹಾಗೇ ಆಗಿ ಮೊದಲ ಮಳೆಗೇ ಎರಡನೇ ಮೆಟ್ಟಿಲಲ್ಲಿ ಕೆರೆ ನಿಂತಿತು, ಅದರ ಕೆಳಗಿನ ಮೈ ಒಂದು ಲೋಡಿನಷ್ಟು ಜರಿಯಿತು. ಮೆಟ್ಟಿಲು ಉದ್ದಕ್ಕೆ ಒಂದು ಕಡೆಗೆ ಇಳಿಯಬೇಕು, ಹತ್ತು ಅಡಿಗೆ ಒಂದೂವರೆ ಇಂಚು ಸಾಕು. ಹಿಟಾಚಿ ಹದಿನಾಲ್ಕು ಗಂಟೆ, ಹದಿನೆಂಟು ಸಾವಿರ. ಅದರ ದುಪ್ಪಟ್ಟು ಹೋದದ್ದು ಟಿಪ್ಪರಿಗೆ, ನಲವತ್ತು ಲೋಡು. ಎಲ್ಲರೂ ಇಲ್ಲೇ ದುಡ್ಡು ಉಳಿಸಲು ಹೋಗಿ ಆ ಮಣ್ಣನ್ನು ಅಂಗಳದ ಕೆಳಗಿನ ಇಳಿಜಾರಿಗೆ ತಳ್ಳುತ್ತಾರೆ. ಆಮೇಲೆ ಕೆಳಗಿನ ಮನೆಯವರ ಮೇಲೆ ಜಾರುವುದು ಅದೇ ಮಣ್ಣು. ದಯವಿಟ್ಟು ಹಾಗೆ ಮಾಡಬೇಡಿ.

ಬರೆಯ ಮೇಲಿನ ಚರಂಡಿಯನ್ನು ಎರಡು ಸಲ ಮಾಡಬೇಕಾಯಿತು. ಮೊದಲನೆಯದನ್ನು ಅಂಚಿನಿಂದ ಮೂರೇ ಅಡಿ ಹಿಂದೆ, ಬರೀ ಮಣ್ಣಿನಲ್ಲಿ ತೋಡಿಸಿದ್ದೆ. ಅದು ನೀರು ಸಾಗಿಸುವ ಬದಲು ಬರೆಗೆ ನೀರು ಕುಡಿಸಿತು. ಚರಂಡಿಯ ಉದ್ದಕ್ಕೂ ಬೆರಳು ತೂರುವ ಬಿರುಕು ಬಿಟ್ಟಿತು. ಇಪ್ಪತ್ತು ಸಾವಿರ ಮಣ್ಣುಪಾಲು. ಎರಡನೆಯದು ಹದಿನೈದು ಅಡಿ ಹಿಂದೆ, ಒಂದೂವರೆ ಅಡಿ ಅಗಲ, ಒಂದಡಿ ಆಳ, ಒಳಗೆ ದಪ್ಪ ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು. ಶೀಟಿನ ಅಂಚನ್ನು ಮೇಲಿನ ಬದಿಯಲ್ಲಿ ಮಣ್ಣಿನೊಳಗೆ ಒಂದಡಿ ಹೂಳಬೇಕು, ಇಲ್ಲದಿದ್ದರೆ ನೀರು ಶೀಟಿನ ಅಡಿಯಲ್ಲಿ ಹರಿಯುತ್ತದೆ. ಏಡಿಗಳು ಶೀಟಿಗೆ ತೂತು ಹಾಕುತ್ತವೆ. ಅದಕ್ಕೆ ಶೀಟಿನ ಅಡಿಗೆ ಹಾಕುವ ಒಂದು ಮಿಶ್ರಣ ಕಂಡುಕೊಂಡಿದ್ದೇನೆ, ಇನ್ನೆರಡು ಮಳೆಗಾಲ ನೋಡದೆ ಅದನ್ನು ಬರೆಯುವುದಿಲ್ಲ. ಸಿಲ್ವರ್ ಓಕ್ ಎಲೆ ಕಟ್ಟಿಕೊಳ್ಳದಂತೆ ಮಳೆಗಾಲದಲ್ಲಿ ವಾರಕ್ಕೆರಡು ಸಲ ಗೋರಬೇಕು. ಚರಂಡಿಯ ಬಾಯಿ ತೋಡಿಗೇ, ಅಂದರೆ ಹಳ್ಳಕ್ಕೇ, ಮುಟ್ಟಬೇಕು. ನಡುವೆ ಬಿಟ್ಟರೆ ಅಲ್ಲಿ ಕೊರಕಲು ಬೀಳುತ್ತದೆ. ಆರಿಂಚಿನ ಪೈಪು ಅರವತ್ತು ಅಡಿ ಎಳೆದೆ, ಇಪ್ಪತ್ನಾಲ್ಕು ಸಾವಿರ.

ಬರೆಯೊಳಗಿನ ನೀರನ್ನು ಹೊರಗಿಳಿಸುವ ಅಡ್ಡ ಪೈಪುಗಳೇ ಈ ಕೆಲಸದ ಜೀವ. ಬುಡದಿಂದ ಒಂದೂವರೆ ಅಡಿ ಮೇಲೆ, ಮಳೆಗಾಲದಲ್ಲಿ ಒರತೆ ಜಿನುಗುವ ಕಡೆ, ಮೂರಿಂಚಿನ ಕೈ ಆಗರಿಗೆ (ಮಣ್ಣು ಕೊರೆಯುವ ತಿರುಪು ಸಲಕರಣೆ) ಕಬ್ಬಿಣದ ಜಿಐ ಪೈಪು ಜೋಡಿಸಿ ಇಬ್ಬರು ತಿರುಗಿಸಿದರೆ ಹನ್ನೆರಡು ಅಡಿ ಒಳಕ್ಕೆ ಹೋಗುತ್ತದೆ. ಕಲ್ಲು ಸಿಕ್ಕರೆ ಒಂದಡಿ ಪಕ್ಕಕ್ಕೆ. ಹನ್ನೆರಡು ಅಡಿಗೆ ಏಳೆಂಟು ಇಂಚಾದರೂ ಹೊರಗಡೆಗೆ ಇಳಿಜಾರು ಬೇಕು. ಮೊದಲ ಎರಡು ಮಟ್ಟಸವಾಗಿ ಹೋಗಿ ನೀರು ಒಳಗೇ ನಿಂತಿತು, ಅವನ್ನು ಬಿಟ್ಟುಬಿಟ್ಟೆ. ಎರಡಿಂಚಿನ ಪೈಪಿಗೆ ಮೇಲಿನ ಅರ್ಧಕ್ಕೆ ಮಾತ್ರ ಐದು ಮಿಲಿಮೀಟರ್ ತೂತು, ಮೂರಿಂಚಿಗೊಂದು. ಕೆಳಗಿನ ಅರ್ಧ ನೀರು ಸಾಗಿಸಲಿಕ್ಕೆ. ಬಾಯಿಯ ಕಡೆಯ ಮೂರಡಿಗೆ ತೂತೇ ಬೇಡ, ಹಾಕಿದರೆ ಅಲ್ಲೇ ಸೋರಿ ಬರೆಯ ಮೈ ಕರಗುತ್ತದೆ. ಸೊಳ್ಳೆಪರದೆ ಸುತ್ತಿದ್ದೆ, ಒಂದೇ ಮಳೆಗೆ ಶೇಡಿ ಮೆತ್ತಿ ಕಟ್ಟಿತು. ತೆಂಗಿನ ನಾರು ಪರವಾಗಿಲ್ಲ. ಮೇ ತಿಂಗಳಲ್ಲಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಿಂದಲೇ ಒಳಗೆ ನೀರು ಬಿಟ್ಟು ತೊಳೆಯುತ್ತೇನೆ. ಏಳು ಪೈಪು ಇವೆ, ಐದು ಚೆನ್ನಾಗಿ ಹರಿಯುತ್ತವೆ. ಎಲ್ಲಿ ಚುಚ್ಚಬೇಕೆಂದು ಬೇಸಿಗೆಯಲ್ಲೇ ಗುರುತಿಸುವ ವಿದ್ಯೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲಾವಂಚಕ್ಕೆ ಒಂಬತ್ತು ಸಾವಿರ ಹಾಕಿದೆ. ಜೂನ್‌ನಲ್ಲಿ ನೆಟ್ಟದ್ದು ತೊಳೆದು ಹೋಯಿತು. ಏಪ್ರಿಲ್ ಕೊನೆಯಲ್ಲಿ ನಾಲ್ಕಿಂಚಿಗೊಂದರಂತೆ ನೆಟ್ಟದ್ದು ಹಿಡಿಯಿತು, ಆದರೆ ಬಿಸಿಲು ಬೀಳುವ ಮೆಟ್ಟಿಲಲ್ಲಿ ಮಾತ್ರ. ಮರದ ನೆರಳಿಗೆ ಅದು ಬರುವುದಿಲ್ಲ. ಅಂತೂ ಅದು ಮೇಲ್ಮಣ್ಣನ್ನು ಹಿಡಿಯುತ್ತದೆ, ಆಳದ ಜಾರುವಿಕೆಯನ್ನಲ್ಲ. ಮನೆಯ ಮೇಲ್ಗಡೆ ತೋಟದಲ್ಲಿದ್ದ, ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿಗಳನ್ನೆಲ್ಲ ಮುಚ್ಚಿಸಿದೆ. ನೀರಿಂಗಿಸುವುದು ಒಳ್ಳೆಯದೇ, ಆದರೆ ಕಡಿದಾದ ಬರೆಯ ನೆತ್ತಿಯ ಮೇಲಲ್ಲ.

ನಡುವೆ, ಬರೆ ಜಾರಿದರೆ ಕೂಗುವ ಎಚ್ಚರಿಕೆ ಗಂಟೆಯ ಪ್ರಯೋಗವನ್ನೂ ಮಾಡಿದೆ. ಬರೆಯ ಮೇಲಿನ ಗೂಟಗಳಿಗೆ ತಂತಿ ಎಳೆದು, ಎಳೆತಕ್ಕೆ ಒತ್ತುವ ಸ್ವಿಚ್ಚು, ಹಳೆ ಬ್ಯಾಟರಿ, ಜೀಪಿನ ಹಾರನ್ನು. ಹಂದಿ ನುಗ್ಗಿ ಒಂದು ತಿಂಗಳಲ್ಲಿ ಐದು ಸಲ ಕೂಗಿತು. ಆರನೇ ಸಲ ಕೂಗಿದಾಗ ಮನೆಯಲ್ಲಿ ಯಾರೂ ಏಳಲಿಲ್ಲ. ಆವತ್ತೇ ಕಳಚಿಹಾಕಿದೆ. ಬರೆಯ ಮೇಲೆ ಬಿರುಕು ಬಿಟ್ಟರೆ ಅದರ ಎರಡೂ ಬದಿ ಎರಡೂವರೆ ಅಡಿಯ ಕಬ್ಬಿಣದ ಸರಳು ಹೊಡೆದು, ನಡುವಿನ ಅಂತರವನ್ನು ದಿನಾ ಟೇಪಿನಲ್ಲಿ ಅಳೆಯುವುದೇ ಗಟ್ಟಿ. ಬಿದಿರಿನ ಗೂಟ ಬೇಡ, ನೆನೆದು ಸಡಿಲವಾಗುತ್ತದೆ. ಬಿರುಕಿಗೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸುವುದನ್ನು ಮರೆಯಬಾರದು.

ಇನ್ನು ಹೊರಡುವುದು. ಮಳೆ ಅಳತೆ ನಮ್ಮ ತೋಟಗಳಲ್ಲಿ ಹೊಸದೇನಲ್ಲ, ಇಂಚು-ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕ ಎಲ್ಲರ ಮನೆ ಪುಸ್ತಕದಲ್ಲಿದೆ. ತಪ್ಪಾಗುವುದು ಬೆಳಗ್ಗೆ ಒಂದೇ ಸಲ ನೋಡುವುದರಿಂದ. ಒಂದೇ ಹೊಡೆತದ ಮಳೆ ಎರಡು ದಿನದ ಲೆಕ್ಕಕ್ಕೆ ಹಂಚಿಹೋಗಿ ಸಣ್ಣದಾಗಿ ಕಾಣುತ್ತದೆ. ಪುಷ್ಯ, ಆಶ್ಲೇಷ, ಮಘೆ ಮಳೆಯಲ್ಲಿ ಮೂರು ಗಂಟೆಗೊಮ್ಮೆ ನೋಡಿ ಹಿಂದಿನ ಇಪ್ಪತ್ತನಾಲ್ಕು ಗಂಟೆಯದ್ದನ್ನು ಕೂಡಿಸಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, ನಮ್ಮ ಲೆಕ್ಕಕ್ಕೆ ನಾಲ್ಕೂವರೆ ಇಂಚು. ನಮ್ಮ ಮನೆಯ ಗೋಡೆಯ ಮೇಲೆ ಬರೆದಿರುವುದು: ಒಂದು ದಿನಕ್ಕೆ 5 ಇಂಚು, ಇಲ್ಲವೇ ಮೂರು ದಿನಕ್ಕೆ 10 ಇಂಚು. ಎರಡರಲ್ಲಿ ಒಂದಾದರೂ ಹೊರಡುವುದು, ಹಗಲಿರುವಾಗಲೇ. ಈ ಅಂಕಿ ನಮ್ಮ ಬರೆಯದ್ದು, ನಿಮ್ಮದು ಇದಕ್ಕಿಂತ ಕಡಿಮೆ ಇರಬಹುದು. ಅಂಕಿ ಮುಟ್ಟದಿದ್ದರೂ ತಿಳಿಯಾಗಿ ಹರಿಯುತ್ತಿದ್ದ ಪೈಪಿನ ನೀರು ಕೆಂಪಾದರೆ, ಜೋರು ಮಳೆಯಲ್ಲಿ ಹರಿವು ದಿಢೀರನೆ ನಿಂತರೆ, ಸರಳಿನ ಅಂತರ ಒಂದು ರಾತ್ರಿಯಲ್ಲಿ ಅರ್ಧ ಇಂಚು ಹೆಚ್ಚಿದರೆ, ಒಲೆ ಮೇಲಿದ್ದದ್ದನ್ನು ಹಾಗೇ ಬಿಟ್ಟು ಹೊರಡಿ. ಅಂಕಿಯನ್ನು ಮೇ ತಿಂಗಳಲ್ಲೇ ಬರೆದಿಡಬೇಕು. ಮಳೆ ಸುರಿಯುವಾಗ ಕೂತು ಚರ್ಚೆ ಮಾಡಿದರೆ ‘ಇನ್ನೊಂದು ಗಂಟೆ ನೋಡೋಣ’ ಎಂಬ ಮಾತೇ ಗೆಲ್ಲುತ್ತದೆ.

ಜೀಪು ಆ ಮೂರು ನಕ್ಷತ್ರದ ದಿನಗಳಲ್ಲಿ ಮನೆ ಹತ್ತಿರ ನಿಲ್ಲಕೂಡದು. ಮೇಲಿನ ಡಾಂಬರು ರಸ್ತೆಯಲ್ಲಿ, ಹೋಗುವ ದಿಕ್ಕಿಗೆ ಮುಖ ಮಾಡಿ, ಒಳಗೆ ಮರ ಕುಯ್ಯುವ ಮೆಷಿನ್ನು ಮತ್ತು ಹಗ್ಗ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಕಾಗದ, ಆಧಾರ್, ಪಾಸ್‌ಬುಕ್, ಹದಿನೈದು ದಿನದ ಮಾತ್ರೆ, ಐನೂರರ ನೋಟಿನ ಬದಲು ನೂರರ ನೋಟುಗಳು. ಮೈನ್ ಸ್ವಿಚ್ಚು, ಸಿಲಿಂಡರು ಬಂದ್. ದನ, ನಾಯಿಗಳ ಹಗ್ಗ ಬಿಚ್ಚಿ.

ವಿಮೆಯ ವಿಷಯ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತವೂ ಸೇರಿದೆ. ಆದರೆ ತುಂಬಿದ ಮಣ್ಣು ಕುಸಿದು ಆದ ನಷ್ಟಕ್ಕೆ ದುಡ್ಡಿಲ್ಲ. ಅಂಗಳ ವಿಸ್ತರಿಸಿ, ತುಂಬಿದ ಮಣ್ಣಿನ ಮೇಲೆ ಕೋಣೆ ಕಟ್ಟಿದವರು ಇದನ್ನು ಓದಿಯೇ ಕಟ್ಟಬೇಕು. ಮಳೆಗಾಲಕ್ಕೆ ಮುಂಚೆ ಬರೆಯ, ಗೋಡೆಗಳ ಫೋಟೋ ತಾರೀಖು ಸಹಿತ ತೆಗೆದಿಡಿ.

ಈ ಫೆಬ್ರವರಿಯಲ್ಲಿ ತೋಟದ ಕಾರ್ಮಿಕರ ಲೈನ್‌ಮನೆ ಹಿಂದಿನ ಬರೆಗೂ ನಾಲ್ಕು ಪೈಪು ಹಾಕಿಸಿದೆ, ಹದಿನಾರು ಸಾವಿರ ಆಯಿತು. ಅಲ್ಲಿ ಶೇಡಿ ಮೂರೇ ಅಡಿ ಕೆಳಗೆ ಸಿಕ್ಕಿದ್ದರಿಂದ ಗೋಡೆ ಮೇಲೆ ಬರೆದ ಅಂಕಿ ದಿನಕ್ಕೆ 4 ಇಂಚು, ಮೂರು ದಿನಕ್ಕೆ 8.