ಮುಯ್ಯಾಳು ಲೆಕ್ಕದಲ್ಲಿ ಮುಗಿದ 282 ಮನ್ರೋ

ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿ, ಅಂದರೆ 914.4 ಮೀಟರ್ ದಾಟಿ ಪಟ್ಟಿಗೆ ಸೇರಿದ ಶಿಖರಕ್ಕೆ ಮನ್ರೋ ಎನ್ನುತ್ತಾರೆ, ಒಟ್ಟು 282, ಎಲ್ಲವನ್ನೂ ಹತ್ತಿ ಮುಗಿಸುವುದು ಇಲ್ಲಿನ ಚಾರಣಿಗರ ಹಂಬಲ. ವಾರವಿಡೀ ಆಫೀಸು, ನಾಲ್ಕು ಜನರಿಗೊಂದು ಕಾರು, ಒಬ್ಬೊಬ್ಬರದು ಒಂದೊಂದು ಬಾಕಿ ಪಟ್ಟಿ. ಹೀಗೆ ಗುಂಪು ಕಟ್ಟಿಕೊಂಡು ಹೊರಟರೆ ಯಾರ ಮನ್ರೋ ಪಟ್ಟಿಯೂ ಮುಗಿಯುವುದಿಲ್ಲ ಎಂದು ಗ್ಲಾಸ್ಗೋದ ಹಳೆಯ ಚಾರಣಿಗರು ಖಡಾಖಂಡಿತವಾಗಿ ಹೇಳುತ್ತಿದ್ದರು. ಮುಗಿದಿದೆ. ನಮ್ಮ ಗುಂಪಿನಲ್ಲಿ ಮುಗಿಸಿದವರು ಒಬ್ಬರೇ ಅಲ್ಲ ಎಂಬುದನ್ನೂ ಹೆಮ್ಮೆಯಿಂದಲೇ ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ಪಟ್ಟಿ ಅರ್ಧಕ್ಕೆ ನಿಂತಿರುವ ಕನ್ನಡದವರು ಸಾಕಷ್ಟಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಕ್ಷೆ ಓದುವುದು, ಐಸ್ ಆಕ್ಸ್ ಹಿಡಿಯುವುದು ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಹೋಗುತ್ತಾರಲ್ಲ, ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದೇ ಲೆಕ್ಕ ಇಲ್ಲಿಯೂ. ನನ್ನ ಪಟ್ಟಿಗೆ ಹೊಸದೇನೂ ಸೇರದ ಶಿಖರಕ್ಕೆ ನಿಮ್ಮ ಜೊತೆ ಬಂದರೆ ನಿಮ್ಮ ಮೇಲೆ ಒಂದು ಮುಯ್ಯಿ. ಕಾರು ಓಡಿಸಿದರೆ ಇನ್ನರ್ಧ. ಯಾರ ಬಾಕಿಯೂ ಮೂರು ದಾಟಬಾರದು, ದಾಟಿದರೆ ಮೊದಲು ತೀರಿಸಬೇಕು. ಶುರುವಿನಲ್ಲಿ ಪೆಟ್ರೋಲ್ ಮಾತ್ರ ಹಂಚಿಕೊಳ್ಳುವ ಪದ್ಧತಿಯಿತ್ತು. ಅದು ಒಂದೇ ಚಳಿಗಾಲದಲ್ಲಿ ಕುಸಿಯಿತು. ಹತ್ತಿರದ ಸುಲಭ ಶಿಖರಗಳಿಗೆ ಎಲ್ಲರೂ ಬರುತ್ತಿದ್ದರು, ದೂರದ ಒಂಟಿ ಶಿಖರಕ್ಕೆ ಜನವೇ ಸಿಗುತ್ತಿರಲಿಲ್ಲ. ದುಡ್ಡು ಹಂಚಿದರೆ ಖರ್ಚು ಸರಿಹೋಗುತ್ತದೆ, ಜೊತೆಗಾರರ ಶನಿವಾರದ ಋಣ ಹಾಗೇ ಉಳಿಯುತ್ತದೆ. ಆ ಶನಿವಾರವನ್ನು ಲೆಕ್ಕಕ್ಕೆ ತಂದ ಮೇಲೆಯೇ ದೂರದವು ಒಂದೊಂದಾಗಿ ಕರಗತೊಡಗಿದ್ದು.

ಎರಡನೆಯ ನಿಯಮ ಕಂತೆ. ಶಿಖರಗಳನ್ನು ಎತ್ತರದಿಂದಲೋ ಜಿಲ್ಲೆಯಿಂದಲೋ ವಿಂಗಡಿಸಬೇಡಿ, ಕಾರು ನಿಲ್ಲಿಸುವ ಜಾಗದಿಂದ ವಿಂಗಡಿಸಿ. ನಮ್ಮ ಹಾಳೆಯಲ್ಲಿ 282 ಶಿಖರಗಳು ಸುಮಾರು ನೂರನಲವತ್ತು ಕಂತೆಗಳಾಗಿದ್ದವು. ಪ್ರತಿ ಕಂತೆಯ ಎದುರಿಗೆ ಯಾರಿಗೆ ಬೇಕು, ಎರಡು ಕಾರು ಬೇಕೇ, ಸೈಕಲ್ ಬೇಕೇ, ಹಗ್ಗ ಬೇಕೇ, ದೋಣಿ ಬೇಕೇ ಎಂಬ ಕಾಲಂಗಳು. ಹೋದವರು ಇಡೀ ಕಂತೆ ಮುಗಿಸಿಯೇ ಇಳಿಯಬೇಕು. ಹವೆ ಕೆಟ್ಟರೆ ಮಾತ್ರ ವಿನಾಯಿತಿ. ಗ್ಲೆನ್ ಅಫ್ರಿಕ್ ಕಡೆಯಿಂದ ಮಾಮ್ ಸೋಲ್, ಕಾರ್ನ್ ಐಯ ಹತ್ತಿದವರು ಹಿಂದಿನ ಬೆನ್ ಯೂನ್ಲಿಯನ್ನು ನೋಡಿ 'ಇದು ಇನ್ನೊಮ್ಮೆ' ಎನ್ನುತ್ತಾರೆ. ಕಾರ್ನ್ ಐಯ 1,183 ಮೀಟರ್, ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಮೀಟರ್ ಇಳಿದು, 1,005 ಮೀಟರಿನ ಯೂನ್ಲಿ ಹತ್ತಿ, ಬಂದ ಹಾಗೆಯೇ ವಾಪಸ್ ಏರಬೇಕು. ಎರಡು ಗಂಟೆಯ ಸುಸ್ತು ನಿಜ. ಬಿಟ್ಟು ಬಂದರೆ ಆ ಒಂದು ಶಿಖರಕ್ಕಾಗಿ ಇಡೀ ದಿನ, ಇಡೀ ಪೆಟ್ರೋಲ್ ಮತ್ತೆ ಹೋಗುತ್ತದೆ. ಪಟ್ಟಿ ಮುಗಿಸಲಾಗದವರ ಬಾಕಿ ನೋಡಿ, ಹೆಚ್ಚಿನವು ಇಂಥ ಅನಾಥ ಶಿಖರಗಳೇ.

ಎರಡು ಕಾರಿನ ಕಂತೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಉಳಿತಾಯವೆಲ್ಲ ಇರುವುದು ಅಲ್ಲೇ. ಗ್ಲೆನ್ ಶೀಲ್ ಕಣಿವೆಯ ದಕ್ಷಿಣ ರಿಡ್ಜ್, ಅಂದರೆ ಶಿಖರಗಳನ್ನು ಜೋಡಿಸುವ ಉದ್ದನೆಯ ಏಣು, ತಗೊಳ್ಳಿ, ಒಂದೇ ದಿನ ಏಳು ಮನ್ರೋ. ಕ್ಲೂನಿ ಇನ್ ಎಂಬ ಹೋಟೆಲಿನ ಹತ್ತಿರ ಹತ್ತಿ, ಕೊನೆಯದನ್ನು ಇಳಿದು ಎ87 ರಸ್ತೆಗೆ ಬಂದರೆ ಕಾರು ಹತ್ತು ಹನ್ನೆರಡು ಕಿಲೋಮೀಟರ್ ಹಿಂದೆ ಇರುತ್ತದೆ. ಎರಡು ತಂಡಗಳು ಎರಡು ತುದಿಯಿಂದ ಹೊರಟು ನಡುವೆ ಕೀ ಬದಲಿಸಿಕೊಳ್ಳುವುದು ಹಳೆಯ ಉಪಾಯ. ಅದು ಕೈಕೊಡುವ ಬಗೆಗಳೂ ಹಳೆಯವೇ. ಮೋಡ ಮುಚ್ಚಿದಾಗ ಎರಡು ತಂಡ ಐವತ್ತು ಮೀಟರ್ ಅಂತರದಲ್ಲಿ ದಾಟಿಹೋಗುತ್ತವೆ, ಯಾರಿಗೂ ಯಾರೂ ಕಾಣುವುದಿಲ್ಲ. ಇಲ್ಲವೇ ಒಂದು ತಂಡ ಗಾಳಿಗೆ ಹೆದರಿ ಇಳಿದುಬಿಡುತ್ತದೆ, ಇನ್ನೊಂದು ತಂಡ ಬೇರೆಯವರ ಕಾರಿನ ಮುಂದೆ ಮಳೆಯಲ್ಲಿ ನಿಂತಿರುತ್ತದೆ. ನಮ್ಮ ಪರಿಹಾರ ಸರಳ: ಬೆಟ್ಟದ ಮೇಲೆ ಕೀ ಬದಲಾವಣೆಯೇ ಇಲ್ಲ. ಎರಡೂ ಕಾರಿನ ಬದಲಿ ಕೀಗಳನ್ನು ಹಿಂದಿನ ರಾತ್ರಿಯೇ ಕೈ ಬದಲಿಸಿ, ಜಿಪ್ ಇರುವ ಒಳಜೇಬಿಗೆ ಹಾಕಿಬಿಡುತ್ತೇವೆ. ಯಾವ ತಂಡ ಮೊದಲು ಇಳಿದರೂ ಕಾರು ತೆಗೆದು ಇನ್ನೊಂದು ತುದಿಗೆ ಬರುತ್ತದೆ.

ಇದರಲ್ಲಿ ಜನ ಮರೆಯುವುದು ಇನ್ಶೂರೆನ್ಸ್. ನಿಮ್ಮ ಕಾರನ್ನು ಓಡಿಸುವ ಗೆಳೆಯರ ಹೆಸರು ಪಾಲಿಸಿಯಲ್ಲಿರಬೇಕು. ಇಲ್ಲದಿದ್ದರೆ ಒಂದು ದಿನದ ತಾತ್ಕಾಲಿಕ ಪಾಲಿಸಿ ಸಿಗುತ್ತದೆ, ಇಪ್ಪತ್ತು ಪೌಂಡ್ ಆಸುಪಾಸು. ಇದನ್ನು ನಾವು ಗುಂಪಿನ ಖರ್ಚಿಗೇ ಬರೆಯುತ್ತಿದ್ದೆವು. ಗ್ಲಾಸ್ಗೋದಿಂದ ಕ್ಲೂನಿಗೆ ಹೋಗಿಬರಲು ಐನೂರು ಕಿಲೋಮೀಟರ್ ಹತ್ತಿರ, ಪೆಟ್ರೋಲಿಗೆ ನಲವತ್ತೈದು ಪೌಂಡ್ ಹಿಡಿಯಿರಿ. ನಾಲ್ವರು ಕೂತರೆ ತಲೆಗೆ ಹನ್ನೆರಡು ಪೌಂಡಿಗಿಂತ ಕಡಿಮೆಗೆ ಏಳು ಶಿಖರ. ಅದೇ ರಿಡ್ಜನ್ನು ಒಂಟಿಯಾಗಿ ಎರಡು ಸಲ ಹೋಗಿ ಮುಗಿಸಿದವರು ತೊಂಬತ್ತು ಪೌಂಡ್ ತೆತ್ತಿರುತ್ತಾರೆ.

ಸೈಕಲ್ ವಿಷಯ ಚುಟುಕಾಗಿ. ಬೆನ್ ಆಲ್ಡರ್ ಕಂತೆಗೆ ಡಾಲ್‌ವಿನ್ನಿ ಸ್ಟೇಷನ್ನಿನಿಂದ ಲಾಕ್ ಎರಿಕ್ಟ್ ಸರೋವರದ ದಂಡೆಯ ರಸ್ತೆ, ಕೇರ್ನ್‌ಗಾರ್ಮ್ ಒಳಭಾಗಕ್ಕೆ ಲಿನ್ ಆಫ್ ಡೀಯಿಂದ ಡೆರಿ ಲಾಡ್ಜ್, ಇವೆರಡರಲ್ಲಿ ಸೈಕಲ್ ಇದ್ದರೆ ಸಂಜೆಯ ಹೊತ್ತಿಗೆ ಕಾಲು ಉಳಿದಿರುತ್ತದೆ. ಹಳೆಯ ಸೈಕಲ್ ಸಾಕು, ಟೈರ್ ಮಾತ್ರ ದಪ್ಪ ಇರಲಿ. ಬದಲಿ ಟ್ಯೂಬ್ ಎರಡು ಬೇಕು. ಬೆನ್ ಆಲ್ಡರ್ ಹತ್ತಿರದ ಕಲ್ರಾ ಬಾಥಿಯಲ್ಲಿ (ಬಾಥಿ ಎಂದರೆ ಚಾರಣಿಗರು ತಂಗುವ ಬೆಟ್ಟದ ಗುಡಿಸಲು) ಉಳಿಯುತ್ತೇವೆ ಎಂದು ಯೋಜನೆ ಹಾಕಬೇಡಿ, ಆಸ್ಬೆಸ್ಟಾಸ್ ಕಾರಣಕ್ಕೆ ಅದನ್ನು ಮುಚ್ಚಿದ್ದಾರೆ.

ಫಿಶರ್‌ಫೀಲ್ಡ್ ಕಂತೆಯಲ್ಲಿ ಐದು ಶಿಖರ. ಮೊದಲು ಆರಿತ್ತು, ಹೊಸ ಅಳತೆಯಲ್ಲಿ ಒಂದು 914.4 ಮೀಟರಿಗಿಂತ ಕೂದಲೆಳೆ ಕಡಿಮೆ ಬಂದು 2012ರಲ್ಲಿ ಪಟ್ಟಿಯಿಂದ ಹೊರಹೋಯಿತು, ಹಾಗಾಗಿಯೇ ಒಟ್ಟು 283 ಇದ್ದದ್ದು 282 ಆದದ್ದು. ಶೆನವಾಲ್ ಬಾಥಿಯಿಂದ ಸುತ್ತು ಹೊಡೆದರೆ ಕಷ್ಟ ಏರಿನಲ್ಲಿಲ್ಲ, ನದಿಯಲ್ಲಿದೆ. ಸಂಜೆ ವಾಪಸ್ ಬರುವಾಗ ಕಣಿವೆಯ ತಳದ ಎರಡು ಹೊಳೆಗಳನ್ನು ದಾಟಬೇಕು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ಮಳೆಗೆ ತೊಡೆಯ ಮಟ್ಟಕ್ಕೆ ಬರುತ್ತದೆ. ನೀರು ಮೊಣಕಾಲು ಮುಟ್ಟಿದರೆ ದಾಟುವಂತಿಲ್ಲ ಎಂಬುದು ನಮ್ಮಲ್ಲಿ ಚರ್ಚೆಯಿಲ್ಲದ ನಿಯಮ. ನೀರಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೂವರು ಭುಜ ಹಿಡಿದು ತ್ರಿಕೋನವಾಗಿ, ಭಾರದವರು ಹೊಳೆಯ ಮೇಲ್ಬದಿಗೆ ನಿಂತು ದಾಟಬೇಕು, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು. ಆ ದಿನದ ಮುನ್ಸೂಚನೆಯಲ್ಲಿ ಮಧ್ಯಾಹ್ನದ ಮಳೆ ಕಂಡರೆ ಕಂತೆಯನ್ನೇ ಮುಂದೂಡುತ್ತಿದ್ದೆವು. ಯಾವ ದಿಕ್ಕಿನಿಂದ ಸುತ್ತು ಶುರುಮಾಡಿದರೆ ಒಂದು ಹೊಳೆಯ ಕಾಟ ತಪ್ಪುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬನ್ನಿ, ತೋರಿಸುತ್ತೇವೆ.

ಸ್ಕೈ ದ್ವೀಪದಲ್ಲಿ ಹನ್ನೆರಡು ಮನ್ರೋ, ಅವುಗಳಲ್ಲಿ ಹನ್ನೊಂದು ಬ್ಲ್ಯಾಕ್ ಕೂಲಿನ್ ರಿಡ್ಜ್ ಮೇಲಿವೆ. ಅಲ್ಲಿನ ಬಂಡೆಯಲ್ಲಿ ಅಯಸ್ಕಾಂತದ ಗುಣ ಇರುವುದರಿಂದ ದಿಕ್ಸೂಚಿಯನ್ನು ನಂಬುವಂತಿಲ್ಲ. ಗ್ಯಾಬ್ರೋ ಬಂಡೆ ಒದ್ದೆಯಾದರೂ ಹಿಡಿತ ಕೊಡುತ್ತದೆ, ನಡುನಡುವೆ ಬರುವ ಬಸಾಲ್ಟ್ ಒದ್ದೆಯಾದರೆ ಪಾಚಿ ಕಟ್ಟಿದ ಬಾವಿಕಟ್ಟೆ. ಸ್ಗೂರ್ ಜೆರಗ್ ಬೆಟ್ಟದ ಮೇಲೆ ಗೋಡೆಯಂತೆ ನಿಂತ ಬಂಡೆ ಇನ್ ಪಿನ್, 986 ಮೀಟರ್, ಹಗ್ಗವಿಲ್ಲದೆ ಪಟ್ಟಿ ಮುಗಿಯದಂತೆ ಮಾಡುವ ಶಿಖರ. ಪೂರ್ವದ ಏಣಿನಲ್ಲಿ ಹತ್ತಿ, ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೀಟರ್ ಹಗ್ಗದಲ್ಲಿ ಇಳಿಯಬೇಕು. 50 ಮೀಟರ್ ಹಗ್ಗ ಮಡಚಿದರೆ 25 ಸಿಗುತ್ತದೆ, ಸಾಕು. ಮೂವತ್ತರ ಹಗ್ಗ ತಂದು ಮೇಲೆ ನಿಂತು ಲೆಕ್ಕ ಹಾಕುವವರನ್ನು ಅಲ್ಲಿ ಕಾಣುತ್ತೇವೆ. ಗೈಡ್ ದಿನಕ್ಕೆ ಮುನ್ನೂರು ಪೌಂಡ್ ಮೇಲೆ, ಒಬ್ಬರೇ ಹೋದರೂ ಅಷ್ಟೇ, ಮೂವರು ಹೋದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಈ ಕಂತೆಗೆ ಮೂವರು ಸೇರುವ ತನಕ ಕಾಯಿರಿ. ವಾರಾಂತ್ಯ ಬೇಡ. ಮಧ್ಯಾಹ್ನದ ಹೊತ್ತಿಗೆ ಬುಡದಲ್ಲಿ ಸರದಿ ನಿಂತಿರುತ್ತದೆ, ನಿಂತಲ್ಲೇ ಮೈ ತಣ್ಣಗಾಗುತ್ತದೆ.

ಚಳಿಗಾಲದಲ್ಲಿ ಜೊತೆಗಾರರಿಂದ ಸಿಗುವ ದೊಡ್ಡ ಲಾಭ ಹೆಜ್ಜೆ ಎಣಿಕೆ, ಅಂದರೆ ಹೆಜ್ಜೆ ಎಣಿಸಿ ದೂರ ಅಳೆಯುವುದು. ಬೆನ್ ನೆವಿಸ್ ತುದಿಯಲ್ಲಿ ಹಿಮ ಮತ್ತು ಮೋಡ ಒಂದಾದಾಗ ತುದಿಯ ಟ್ರಿಗ್ ಕಂಬದಿಂದ (ಸರ್ವೆಯ ಕಲ್ಲುಕಂಬ) ಗ್ರಿಡ್, ಅಂದರೆ ನಕ್ಷೆಯ ಉತ್ತರದಿಂದ ಅಳೆದ, 231 ಡಿಗ್ರಿಗೆ 150 ಮೀಟರ್, ಅಲ್ಲಿಂದ 281 ಡಿಗ್ರಿಗೆ ತಿರುಗಿ ಇಳಿಯಬೇಕು. ಬೇಗ ತಿರುಗಿದರೆ ಬಲಗಡೆ ಗಾರ್ಡಿಲೂ ಗಲ್ಲಿ ಎಂಬ ಕಡಿದಾದ ಕೊರಕಲು, ಅದರ ಮೇಲೆ ಕಾರ್ನಿಸ್, ಅಂದರೆ ಹೊರಚಾಚಿ ನಿಂತ ಹಿಮದ ಅಂಚು. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಮೂರನೆಯವರು ಹಿಂದೆ ನಿಂತು ಮುಂದಿನವರು ದಿಕ್ಕು ತಪ್ಪುತ್ತಿದ್ದಾರೆಯೇ ನೋಡಬೇಕು. ಒಂಟಿಯಾಗಿ ಇಷ್ಟು ನಿಖರವಾಗಿ ಮಾಡುವುದು ಕಷ್ಟ. ಇನ್ನೊಂದು ಮಾತು: ಕ್ರಾಂಪಾನ್, ಅಂದರೆ ಹಿಮದಲ್ಲಿ ನಡೆಯಲು ಬೂಟಿಗೆ ಕಟ್ಟುವ ಮೊಳೆಪಟ್ಟಿ, ಎರವಲು ತರುವಾಗ ಬೂಟಿನ ಗಡಸುತನ ನೋಡಿ. ಮೆತ್ತನೆಯ ಬೇಸಿಗೆ ಬೂಟಿಗೆ ಗಡಸು ಬೂಟಿನ ಸಿ2 ದರ್ಜೆಯ ಕ್ರಾಂಪಾನ್ ಕಟ್ಟಿದರೆ ನಡೆಯುವಾಗ ಬೂಟು ಬಾಗುತ್ತದೆ, ಕ್ರಾಂಪಾನ್ ಬಾಗುವುದಿಲ್ಲ, ಇಳಿಜಾರಿನಲ್ಲೇ ಕಳಚಿಬೀಳುತ್ತದೆ.

ಊಟದ ಪ್ರಯೋಗಗಳು ಇಡೀ ಗುಂಪಿಗೆ ಇಷ್ಟದ ಕೆಲಸ. ಚಿತ್ರಾನ್ನ ಸೊನ್ನೆ ಡಿಗ್ರಿಯಲ್ಲಿ ಅಕ್ಕಿಕಾಳಿನಂತೆ ಬಿರುಸಾಗುತ್ತದೆ. ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಸುತ್ತಿದರೆ ತುಪ್ಪ ಹೆಪ್ಪುಗಟ್ಟಿ ಮೇಣವಾಗುತ್ತದೆ, ಶೇಂಗಾ ಎಣ್ಣೆಯೂ ಚಳಿಗೆ ಮಂದವಾಗುತ್ತದೆ. ಎಳ್ಳೆಣ್ಣೆ ನಿಂತಿತು. ಗೊಜ್ಜವಲಕ್ಕಿ ಒಣ ಮಿಶ್ರಣ ಡಬ್ಬಿಯಲ್ಲಿ ಒಯ್ದು ಫ್ಲಾಸ್ಕಿನ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಸ್ಕಾಟಿಷ್ ಜೊತೆಗಾರರೂ ತಮ್ಮ ಸ್ಯಾಂಡ್‌ವಿಚ್ ಬದಿಗಿಡುತ್ತಾರೆ. ಅಳತೆ ನಮ್ಮ ಮನೆಯದು, ಅದು ಮನೆಯಲ್ಲೇ ಇರಲಿ. ಮುತ್ತಿ ಕಚ್ಚುವ ಸಣ್ಣ ಮಿಜ್ ನೊಣಕ್ಕೆ ಬೇವಿನೆಣ್ಣೆ ಹಚ್ಚಿ ನೋಡಿದೆವು, ಪ್ರಯೋಜನವಾಗಲಿಲ್ಲ. ಜೂನ್‌ನಿಂದ ಆಗಸ್ಟ್ ತನಕ ತಲೆಗೆ ಬಲೆ ಮತ್ತು ಗಾಳಿ ಬೀಸುವ ಜಾಗದಲ್ಲಿ ಡೇರೆ, ಇವೆರಡೇ ಉಪಾಯ. ಗಾಳಿ ಗಂಟೆಗೆ ಹತ್ತು ಕಿಲೋಮೀಟರ್ ದಾಟಿದರೆ ಅವು ಹಾರುವುದಿಲ್ಲ.

ಕೊನೆಯ ಶಿಖರವನ್ನು ಮೊದಲೇ ಆರಿಸಿ ಪಟ್ಟಿಯಲ್ಲಿ ಬೀಗ ಹಾಕಿಡಿ. ಮುಯ್ಯಿ ಮಾಡಿದವರೆಲ್ಲ, ಅವರ ಮನೆಯವರು, ಮಕ್ಕಳು ಬರುವಂಥದ್ದಾಗಿರಬೇಕು. ನಮ್ಮ ಆಯ್ಕೆ ಬೆನ್ ನ ಲಾಪ್, 935 ಮೀಟರ್. ಕಾರೌರ್ ಸ್ಟೇಷನ್ನೇ 408 ಮೀಟರ್ ಎತ್ತರದಲ್ಲಿದೆ, ಕಾರಿನ ರಸ್ತೆ ಅಲ್ಲಿಗಿಲ್ಲ, ರೈಲಿಳಿದು ನೇರ ನಡೆಯುವುದು. ಮಕ್ಕಳಿದ್ದರೆ ಹತ್ತಿ ಇಳಿಯಲು ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ, ಕೆಳಗಿನ ಅರ್ಧ ಜೌಗು, ಎಲ್ಲರಿಗೂ ಬದಲಿ ಸಾಕ್ಸ್ ಇರಲಿ. ರೈಲುಗಳು ದಿನಕ್ಕೆ ಬೆರಳೆಣಿಕೆ, ಭಾನುವಾರ ಇನ್ನೂ ಕಡಿಮೆ. ಹೋಗುವ ಟಿಕೆಟ್ ತೆಗೆಯುವ ಮುನ್ನ ವಾಪಸ್ ರೈಲಿನ ಸಮಯ ನೋಡಿ, ಸೀಟು ಎಲ್ಲರಿಗೂ ಒಂದೇ ಡಬ್ಬಿಯಲ್ಲಿ ಕಾದಿರಿಸಿ. ಹೋಳಿಗೆ ಒಯ್ಯುವುದಾದರೆ ತಲೆಗೆ ಎರಡರಂತೆ, ತುದಿಯಲ್ಲಿ ಸಿಗುವ ಅಪರಿಚಿತರಿಗೂ ಸೇರಿಸಿ ಲೆಕ್ಕ ಹಾಕಿ.