ಚಪ್ಪಲಿ ಬಿಟ್ಟು ಓಡಿದವರಿಗೆ ಒಂದು ಮಾತ್ರೆ

ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು. ಬೆಳಗಾದರೆ ಕುದಿಯುವ ನೀರಿನ ಪಕ್ಕ ಕೂತು, ಅದರಲ್ಲೇ ಬೆರಳು ಅದ್ದಿ ಗೂಡಿನ ಎಳೆ ಹುಡುಕುವ ಕೆಲಸ. ಅಂಥವರು ಚಿಕ್ಕಬಳ್ಳಾಪುರದ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಸಿರಿಂಜ್ ಕಂಡ ಕೂಡಲೇ ಕುರ್ಚಿಯಿಂದ ಇಳಿದು ಹೊರಟೇ ಹೋದರು. ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಏಪ್ರಿಲ್ ಬಿಸಿಲಲ್ಲಿ ಬಿ.ಬಿ. ರಸ್ತೆಯ ಡಾಂಬರಿನ ಮೇಲೆ ಬರಿಗಾಲಲ್ಲಿ ಹೇಗೆ ನಡೆದರೋ.

ಮಾರನೇ ದಿನ ಚಪ್ಪಲಿ ತಗೊಂಡು ಹೋಗಲು ಹೆಂಡತಿ ಬಂದರು. "ಸಾರ್, ರಾತ್ರಿಯೆಲ್ಲಾ ನೊಪ್ಪಿ ನೊಪ್ಪಿ ಅಂತ ಒದ್ದಾಡ್ತಾರೆ. ಮಲಗಿಸಿಬಿಟ್ಟು ಕಿತ್ತುಬಿಡಿ" ಅಂದರು. ನಮ್ಮ ಕಡೆ ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತವೆ, ನೋವು ಜಾಸ್ತಿಯಾದಾಗ ತೆಲುಗು ಮೊದಲು.

ಮಲಗಿಸುವುದಿಲ್ಲ ಅಂತ ಅವರಿಗೆ ತಿಳಿಸಿ ಹೇಳುವುದಕ್ಕೇ ಹತ್ತು ನಿಮಿಷ ಬೇಕಾಯಿತು. ನಾನು ಕೊಡುವುದು ಡಯಾಜೆಪಾಮ್ ಮಾತ್ರೆ. 1963ರಿಂದ ಬಳಕೆಯಲ್ಲಿರುವ ಹಳೇ ಔಷಧಿ. ದೊಡ್ಡವರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ, ಕೆಲಸ ಶುರು ಮಾಡುವ ಒಂದು ಗಂಟೆ ಮುಂಚೆ, ಕ್ಲಿನಿಕ್ಕಿನಲ್ಲೇ, ನನ್ನ ಕಣ್ಣೆದುರಿಗೆ. ಸ್ವಲ್ಪ ಜೊಂಪು ಹತ್ತುತ್ತದೆ ಅಷ್ಟೇ. ಕರೆದರೆ ಓಗೊಡುತ್ತಾರೆ, ಬಾಯಿ ತೆಗೀರಿ ಅಂದರೆ ತೆಗೀತಾರೆ. ನೋವು ಇದರಿಂದ ಹೋಗಲ್ಲ. ಮರಗಟ್ಟುವ ಇಂಜೆಕ್ಷನ್ ಹೇಗೂ ಕೊಡಲೇಬೇಕು. ಆ ಸೂಜಿ ಹತ್ತಿರ ಬರುವಾಗ ಎದೆ ಡವಡವ ಅನ್ನದಿರಲಿ ಅಂತ ಈ ಮಾತ್ರೆ.

ಎಲ್ಲರಿಗೂ ಕೊಡುತ್ತೀನಿ ಅಂದುಕೊಳ್ಳಬೇಡಿ. ಹೆದರಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಮಾತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ಇವತ್ತಿಗೂ ನಂಬಿದವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ಅದಕ್ಕೆ ಡಯಾಜೆಪಾಮ್ ಯಾಕೆ? ಕನ್ನಡಿ ಕೊಟ್ಟು, ಹಲ್ಲಿನ ಬೇರು ಎಲ್ಲಿಗೆ ನಿಲ್ಲುತ್ತೆ ಅಂತ ಎಕ್ಸ್‌ರೇಯಲ್ಲಿ ತೋರಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಇನ್ನು ಕೆಲವರದು ಭಯವಲ್ಲ, ನಾಚಿಕೆ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟಿರುತ್ತದೆ, ಡಾಕ್ಟರು ಬೈತಾರೆ ಅಂತ ಬಾಯೇ ಬಿಡಲ್ಲ. ನೀರಿನ ತಪ್ಪಿಗೆ ನಿಮ್ಮನ್ನ ಯಾಕೆ ಬೈಲಿ ಅಂತ ನಾನೇ ಮೊದಲು ಹೇಳಿಬಿಡುತ್ತೇನೆ.

ಮಾತಿಗೆ ಬಗ್ಗದ ಭಯವನ್ನು ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಹೇಗನ್ನಿಸುತ್ತೆ, ಹೊರಗೆ ಬೆಂಚಿನ ಮೇಲೆ ಕಾಯುವಾಗ ಹೇಗನ್ನಿಸುತ್ತೆ, ಹೀಗೆ. 5ರಿಂದ 25ರವರೆಗೆ ಅಂಕ. 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಭಯ ವಿಪರೀತ ಅಂತ ಲೆಕ್ಕ. ನಮ್ಮ ರೇಷ್ಮೆಯವರಿಗೆ 23 ಬಂತು.

ಆಮೇಲೆ ನನ್ನ ಸರದಿ. ಗೊರಕೆ ಹೊಡೀತಾರಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಾ ಅಂತ ಹೆಂಡತಿಯನ್ನೇ ಕೇಳುತ್ತೇನೆ, ಗಂಡನಿಗೆ ಅದು ಗೊತ್ತಿರುವುದಿಲ್ಲ. ಕುಡಿತ, ಲಿವರ್ ತೊಂದರೆ, ಬೇರೆ ಮಾತ್ರೆಗಳು, ಹೆಂಗಸರಾದರೆ ಬಸುರಿಯೋ ಅಂತ ಎಲ್ಲಾ ವಿಚಾರಿಸಬೇಕು. ಕುಡಿತದ ಪ್ರಶ್ನೆಗೆ "ಇಲ್ಲ ಸಾರ್" ಅಂತ ಬಾಯಿ ಹೇಳುವಾಗ ಪಕ್ಕದಲ್ಲಿ ಕೂತವರ ಮುಖ ನೋಡುವುದು ನನ್ನ ಅಭ್ಯಾಸ. ಎಣ್ಣೆ ಮತ್ತು ಈ ಮಾತ್ರೆ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ಸಂಶಯ ಬಂದರೆ, ಅಥವಾ ಚಿಕ್ಕ ಮಕ್ಕಳಾದರೆ, ನಾನು ಕೈ ಹಾಕಲ್ಲ. ಅರಿವಳಿಕೆ ತಜ್ಞರಿರುವ ಆಸ್ಪತ್ರೆಗೆ ಕಳಿಸುತ್ತೇನೆ.

ಮೊದಲ ದಿನ ಕೆಲಸ ಕೆಟ್ಟಿತು. ಬೆಳಗ್ಗೆ ಹತ್ತಕ್ಕೆ ಗಂಡ ಹೆಂಡತಿ ಬಂದರು. "ತಿಂಡಿ ತಿಂದ್ರಾ?" ಅಂದೆ. "ಇಲ್ಲ ಸಾರ್." ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಮಾತ್ರೆ ಕೊಟ್ಟೆ. ಸಹಿ ಯಾವಾಗಲೂ ಮಾತ್ರೆಗೆ ಮುಂಚೆ, ಮಂಪರಿನಲ್ಲಿ ಹಾಕಿದ ಸಹಿಗೆ ಬೆಲೆ ಇಲ್ಲ. ಹನ್ನೊಂದಾಯಿತು. ಕಣ್ಣು ಮಿಣಿಮಿಣಿ ಅಂತ ಎಚ್ಚರವಾಗೇ ಇದ್ದಾರೆ, ಅಂಗೈ ಬೆವರುತ್ತಿದೆ. ಹೆಂಡತಿಯನ್ನು ಕೇಳಿದರೆ, "ತಿಂಡಿ ಎಲ್ಲಿ ತಿಂದ್ರು ಸಾರ್, ಎರಡು ಮುದ್ದೆ ಉಂಡ್ಕೊಂಡು ಬಂದ್ರು ಅಷ್ಟೇ!"

ತಪ್ಪು ನನ್ನದೇ. ನಮ್ಮೂರಲ್ಲಿ ತಿಂಡಿ ಅಂದರೆ ಇಡ್ಲಿ ದೋಸೆ, ಮುದ್ದೆ ಊಟದ ಲೆಕ್ಕ. ಹೊಟ್ಟೆ ತುಂಬಿದ್ದರೆ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಇನ್ನೊಂದು ಮಾತ್ರೆ ಕೊಟ್ಟುಬಿಡಲಾ ಅಂತ ಕೈ ತುರಿಸಿದ್ದು ನಿಜ. ಹೊರಗೆ ಐದು ಜನ ಕಾಯುತ್ತಿದ್ದರು. ಆದರೆ ರಕ್ತನಾಳಕ್ಕೆ ಕೊಡುವ ಔಷಧಿಯಾದರೆ ಹನಿ ಹನಿಯಾಗಿ ಹಾಕಿ ನೋಡಬಹುದು, ನುಂಗಿದ ಮಾತ್ರೆಗೆ ಆ ಹಿಡಿತ ಇಲ್ಲ. ಒಳಗೆ ಹೋದದ್ದು ಹೋಯಿತು. ಕೊಡಲಿಲ್ಲ, ಕಾಯೋಣ ಅಂದೆ. ಹನ್ನೊಂದೂ ಮುಕ್ಕಾಲಿಗೆ ನೋಡಿದರೆ ಬೆಂಚಿನ ಮೇಲೆ ಹೆಂಡತಿಯ ಹೆಗಲಿಗೆ ತಲೆ ಒರಗಿಸಿ ತೂಕಡಿಸುತ್ತಿದ್ದಾರೆ. ಎರಡನೇದೂ ಕೊಟ್ಟಿದ್ದರೆ ಅದೂ ಇದರ ಮೇಲೇ ಬಂದು ಕೂರುತ್ತಿತ್ತು, ಅಲ್ವಾ? ಅವತ್ತು ಹಲ್ಲು ಮುಟ್ಟಲಿಲ್ಲ. ಪೂರ್ತಿ ಎಚ್ಚರವಾಗುವವರೆಗೆ ಕೂರಿಸಿಕೊಂಡು, ಆಟೋ ಹತ್ತಿಸಿ ಕಳಿಸಿದೆ.

ಈಗ ನಾನು ಕೇಳುವುದು "ಬಾಯಿಗೆ ಏನೇನು ಹಾಕ್ಕೊಂಡ್ರಿ" ಅಂತ. ಊಟಕ್ಕೂ ಮಾತ್ರೆಗೂ ಮಧ್ಯೆ ಆರು ಗಂಟೆ ಇರಬೇಕು, ಬರೀ ನೀರಾದರೆ ಎರಡು ಗಂಟೆ. ಅಂಬಲಿ ನೀರಲ್ಲ ಅಂತ ಬಿಡಿಸಿ ಹೇಳುತ್ತೇನೆ.

ಮುಂದಿನ ವಾರ ಎಲ್ಲಾ ಸರಿಹೋಯಿತು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ಮೊದಲು ನಂಬರೇ ಬರಲಿಲ್ಲ. ಬಿಸಿನೀರಿನಲ್ಲಿ ಬೆಂದು ಬೆಂದು ತುದಿಯ ಚರ್ಮ ಬಿಳಿಚಿ ಸುಲಿದಿತ್ತು. ಎಡಗೈ ಕಿರುಬೆರಳಿಗೆ ಹಾಕಿದಾಗ 98 ತೋರಿಸಿತು. ಕೆಲಸ ಮುಗಿಯುವವರೆಗೆ ನನ್ನ ಸಹಾಯಕಿಗೆ ಒಂದೇ ಕೆಲಸ, ಆ ನಂಬರ್ ನೋಡುತ್ತಾ ಆಗಾಗ ಅವರನ್ನು ಮಾತಾಡಿಸುವುದು. ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇತ್ತು. ಮಾತ್ರೆಯ ಪ್ರಭಾವ ಇಳಿಸುವ ಫ್ಲೂಮಜೆನಿಲ್ ಇಂಜೆಕ್ಷನ್ ಕೂಡ ಇಟ್ಟುಕೊಂಡಿದ್ದೇನೆ. ಇದುವರೆಗೆ ಮುಟ್ಟುವ ಪ್ರಸಂಗ ಬಂದಿಲ್ಲ. ಅದನ್ನು ಕೊಟ್ಟರೂ ನಿಶ್ಚಿಂತೆ ಇಲ್ಲ, ಡಯಾಜೆಪಾಮಿಗಿಂತ ಬೇಗ ಅದರ ಶಕ್ತಿ ಇಳಿದು ಮತ್ತೆ ಮಂಪರು ಹತ್ತಬಹುದು. ಸೂಜಿ ಚುಚ್ಚಿದಾಗ ಅವರ ಹುಬ್ಬು ಒಂಚೂರು ಗಂಟಾಯಿತು. ಕೆಳದವಡೆಯ ಹಲ್ಲು ಇಪ್ಪತ್ತು ನಿಮಿಷಕ್ಕೆ ಬಂತು.

ಹಲ್ಲು ಕಿತ್ತ ಮೇಲಿನ ಕೆಲಸ ನನಗೆ ಕಲಿಸಿದ್ದು ಬೇರೆ ಒಬ್ಬ ಅಮ್ಮ, ಬಾಗೇಪಲ್ಲಿ ಕಡೆಯವರು. ಅವರಿಗೂ ಇದೇ ಮಾತ್ರೆ ಕೊಟ್ಟಿದ್ದೆ. ರಕ್ತ ನಿಲ್ಲಲಿ ಅಂತ ಗಾಜ್ ಬಟ್ಟೆ ಕಚ್ಚಿಸಿ, ಅರ್ಧ ಗಂಟೆ ಬಿಟ್ಟು ಉಗೀರಿ ಅಂದಿದ್ದೆ. "ಆಯ್ತಪ್ಪ" ಅಂತ ನಗುನಗುತ್ತಾ ತಲೆ ಆಡಿಸಿದರು. ರಾತ್ರಿ ಎಂಟಕ್ಕೆ ಮಗನ ಫೋನು, "ಅಮ್ಮ ಇನ್ನೂ ಬಟ್ಟೆ ಕಚ್ಚಿಕೊಂಡೇ ಕೂತಿದ್ದಾರೆ, ಊಟ ಬೇಡ ಅಂತಾರೆ." ನಾನು ಹೇಳಿದ್ದು ಅವರಿಗೆ ಒಂದಕ್ಷರ ನೆನಪಿಲ್ಲ! ಈ ಔಷಧಿಗೆ ಆ ಗುಣ ಇದೆ, ಎಚ್ಚರವಾಗಿದ್ದಾಗ ನಡೆದದ್ದೂ ಅಳಿಸಿಹೋಗಬಹುದು. ಸೂಜಿಯ ನೆನಪು ಉಳಿಯದಿದ್ದರೆ ಒಳ್ಳೇದೇ, ಆದರೆ ನನ್ನ ಸೂಚನೆಯೂ ಅದರ ಜೊತೆಗೇ ಹೋಯಿತು. ಈಗ ಜೊತೆಗೆ ಬಂದವರಿಗೆ ಹೇಳುತ್ತೇನೆ, ಕನ್ನಡದಲ್ಲಿ ಬರೆದೂ ಕೊಡುತ್ತೇನೆ. ಜೊತೆಗೆ ಯಾರೂ ಬರದಿದ್ದರೆ ಮಾತ್ರೆ ಇಲ್ಲ. ಡಯಾಜೆಪಾಮ್ ಮೈಯಿಂದ ಪೂರ್ತಿ ಹೋಗಲು ದಿನಗಳೇ ಬೇಕು. ಅವತ್ತು, ಮಾರನೇ ದಿನ ಗಾಡಿ ಓಡಿಸುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಜಮೀನು ಪತ್ರಕ್ಕೆ ಸಹಿ ಹಾಕುವಂತಿಲ್ಲ. ರೇಷ್ಮೆಯವರ ಚೀಟಿಯಲ್ಲಿ "ಬಿಸಿನೀರಿನ ಹತ್ತಿರ ಕೂರಬೇಡಿ" ಅಂತ ಕೈಯಲ್ಲೇ ಸೇರಿಸಿದ್ದೆ.

ಇದನ್ನು ಓದಿ ಯಾರೂ ಮೆಡಿಕಲ್ ಸ್ಟೋರಿಗೆ ಹೋಗಬೇಡಿ. ಚೀಟಿ ಇಲ್ಲದೆ ಕೊಡುವಂತಿಲ್ಲ. 2014ರಿಂದ ಇಂಥ ಮಾತ್ರೆಗಳ ಲೆಕ್ಕವನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಒಬ್ಬರು ಅತ್ತೆಯ ನಿದ್ದೆ ಮಾತ್ರೆ ನುಂಗಿ, ಬೈಕ್ ಓಡಿಸಿಕೊಂಡು ಬಂದಿದ್ದರು. ಕುರ್ಚಿಗೆ ಹತ್ತಿಸದೆ ಬೈಕ್ ಕೀ ಕಿತ್ತುಕೊಂಡು ಕೂರಿಸಿದ್ದೆ. ಆಮೇಲೆ ನನ್ನ ಮೇಲೇ ಸಿಟ್ಟಾದರು.

ರೇಷ್ಮೆಯವರಿಗೆ ಇನ್ನೊಂದು ಹುಳುಕು ಹಲ್ಲು ತುಂಬಿಸುವುದಿತ್ತು. ಈ ಸಲ ಮಾತ್ರೆ ಇಲ್ಲದೆ ನೋಡೋಣ ಅಂದೆ, ಒಪ್ಪಿದರು. ಅರ್ಧಕ್ಕೆ ಕೈ ಎತ್ತಿದರು. ಕೈ ಎತ್ತಿದರೆ ನಿಲ್ಲಿಸುತ್ತೀನಿ ಅಂತ ಮಾತು ಕೊಟ್ಟಿದ್ದೆ, ನಿಲ್ಲಿಸಿದೆ. ತಾತ್ಕಾಲಿಕ ಸಿಮೆಂಟ್ ಹಾಕಿದ್ದೇನೆ. ಹೆಂಡತಿಗೆ ಮಾರುಕಟ್ಟೆ ಕೆಲಸ ಇಲ್ಲದ ದಿನ ನೋಡಿ ಫೋನ್ ಮಾಡುತ್ತೀನಿ ಅಂದರು. ಈ ಸಲ ಚಪ್ಪಲಿ ಮಾತ್ರ ಹಾಕಿಕೊಂಡೇ ಹೋದರು.